ಬಾಣಂತಿ ತಲೆನೋವನ್ನ ಶೀತ ಅಂತ ಬಿಟ್ಬಿಡ್ಬೇಡಿ

ತಂಗಿಗೆ ಹೆರಿಗೆ ಆಗಿ ಆರನೇ ದಿನ. ನಾರ್ಮಲ್ ಡೆಲಿವರಿ, ಒಂಬತ್ತು ತಿಂಗಳಲ್ಲಿ ಒಂದು ಸಲಾನೂ ಬಿಪಿ ಏರಿರ್ಲಿಲ್ಲ, ತಾಯಿ ಕಾರ್ಡಲ್ಲಿ ಎಲ್ಲಾ 110/70, 120/80 ಅಂತಾನೇ ಇದೆ. ಬೆಳಗ್ಗೆಯಿಂದ ತಲೆ ಸಿಡೀತಿದೆ ಅಂತಿದ್ಲು. ಅಜ್ಜಿ, ಎರೆದ ಮೇಲೆ ತಲೆ ಸರಿಯಾಗಿ ಒಣಗಿಲ್ಲ, ಶೀತ ಹಿಡ್ದಿದೆ ಅಂತ ಸಾಂಬ್ರಾಣಿ ಹೊಗೆ ಕೊಟ್ಟು, ಕಿವಿಗೆ ಹತ್ತಿ ಇಟ್ಟು, ಸ್ಕಾರ್ಫ್ ಇನ್ನೂ ಬಿಗಿಯಾಗಿ ಕಟ್ಟಿದ್ರು. ಮುಖ ಊದ್ಕೊಂಡಿತ್ತು, ಅದಕ್ಕೆ ನೀರು ಜಾಸ್ತಿ ಕುಡಿದಿದಾಳೆ ಅಂತ ಚೊಂಬು ದೂರ ಇಟ್ರು. ಸಂಜೆ ಮಗೂಗೆ ಹಾಲು ಕೊಡ್ತಾ ಕೂತಿದ್ದೋಳು "ಅಕ್ಕಾ, ಗೋಡೆ ಮೇಲೆ ಏನೋ ಮಿಣಮಿಣ ಅಂತಿದೆ ಕಣೇ" ಅಂದ್ಲು. ಗೋಡೆ ಮೇಲೆ ಏನೂ ಇರ್ಲಿಲ್ಲ.

ಅಪ್ಪನ ಬಿಪಿ ಮಿಷನ್ ಮನೇಲಿತ್ತು. ಕಟ್ಟಿ ನೋಡಿದ್ರೆ 172/114. ಐದು ನಿಮಿಷ ಬಿಟ್ಟು ಮತ್ತೆ ನೋಡಿದ್ವಿ, ಅಷ್ಟೇ. ಮಗೂನೂ ಎತ್ಕೊಂಡು ಆಸ್ಪತ್ರೆಗೆ ಓಡಿದ್ವಿ, ಅಲ್ಲಿ ಫಿಟ್ಸ್ ಬರದೇ ಇರ್ಲಿ ಅಂತ ಮೆಗ್ನೀಷಿಯಂ ಸಲ್ಫೇಟ್ ಶುರು ಮಾಡಿದ್ರು.

ನಂಗೆ ಅವತ್ತಿಂದ ಹೊಟ್ಟೇಲಿ ಕುದೀತಿರೋದು ಏನಂದ್ರೆ, ಡಿಸ್ಚಾರ್ಜ್ ದಿನ ಮಗೂ ಲಸಿಕೆ ಹೇಳಿದ್ರು, ಹೊಲಿಗೆ ಹೇಗೆ ನೋಡ್ಕೋಬೇಕು, ಐರನ್ ಮಾತ್ರೆ ಯಾವಾಗ, ಎಲ್ಲಾ ಹೇಳಿದ್ರು, ಬಿಪಿ ಬಗ್ಗೆ ಒಂದ್ ಮಾತೂ ಇಲ್ಲ. ಬಸುರಿಲಿ ಮೈಯಲ್ಲಿ ಸೇರ್ಕೊಂಡಿದ್ದ ನೀರು ಹೆರಿಗೆ ಆದ್ಮೇಲೆ ವಾಪಸ್ ರಕ್ತಕ್ಕೆ ಬರುತ್ತೆ, ಹಾಗಾಗಿ 3ರಿಂದ 6ನೇ ದಿನದೊಳಗೆ ಬಿಪಿ ತುಂಬಾ ಮೇಲೆ ಹೋಗೋದು, ಅಂದ್ರೆ ಸರಿಯಾಗಿ ನಾವು ಮನೆಗೆ ಕರ್ಕೊಂಡು ಬಂದು ಬಾಗಿಲು ಮುಚ್ಚಿ ಮಲಗಿಸಿರೋ ಹೊತ್ತಲ್ಲಿ! ಪ್ರೀಎಕ್ಲಾಂಪ್ಸಿಯಾ, ಅಂದ್ರೆ ಬಿಪಿ ಹೀಗೆ ಏರಿ ಫಿಟ್ಸ್ ತನಕ ಹೋಗಬಹುದಾದ ಬಸುರಿ-ಬಾಣಂತಿಯರ ಕಾಯಿಲೆ, ಹೆರಿಗೆ ಆಗಿ 6 ವಾರದವರೆಗೂ ಬರಬಹುದು, ಮುಂಚೆ ಬಿಪಿ ಇಲ್ದೇ ಇದ್ದೋರಿಗೂ. 140/90 ದಾಟಿದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 160/110 ಮುಟ್ಟಿದ್ರೆ, ಇಲ್ಲಾ ಬಿಡದ ತಲೆನೋವು, ಕಣ್ಣು ಮಂಜು, ಬಲಗಡೆ ಪಕ್ಕೆ ಕೆಳಗೆ ನೋವು, ಉಸಿರು ಕಟ್ಟೋ ಹಾಗೆ ಆಗೋದು ಇದ್ರೆ, ಬೆಳಗಾಗ್ಲಿ ಅನ್ಬೇಡಿ, 108ಕ್ಕೆ ಮಾಡಿ. ಕ್ಯಾಶುವಾಲ್ಟಿಲಿ ಮೊದಲ ಮಾತೇ "ಹೆರಿಗೆ ಆಗಿ ಇಷ್ಟು ದಿನ" ಅಂತ ಇರ್ಲಿ, ಇಲ್ಲಾಂದ್ರೆ ಬರೀ ತಲೆನೋವು ಅಂತ ಮಾತ್ರೆ ಕೊಟ್ಟು ಕಳಿಸ್ತಾರೆ.

ಇದನ್ನ ಬಾಣಂತಿಗೆ ಒಬ್ಬಳಿಗೇ ಹೇಳಿದ್ರೆ ಸಾಲದು ಅಂತ ನನ್ನ ಅಭಿಪ್ರಾಯ. ಆರು ದಿನದ ಬಾಣಂತಿ ಮಾತು ಮನೇಲಿ ಎಲ್ಲಿ ನಡೆಯುತ್ತೆ ಹೇಳಿ? ಬಾಣಂತನ ಮಾಡೋ ಅಮ್ಮ, ಅಜ್ಜಿ, ಅತ್ತೇನ ಕೂರಿಸ್ಕೊಂಡು ಹೇಳ್ಬೇಕು. ಅಜ್ಜಿ ತಪ್ಪು ಅಂತ ನಾನು ಹೇಳಲ್ಲ, ಅವರು ಪ್ರೀತಿಯಿಂದಾನೇ ಮಾಡಿದ್ದು, ಅವರಿಗೆ ಯಾರೂ ಹೇಳೇ ಇಲ್ಲ. ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನ ಮನೆಗೆ ಬಂದು ಮಗೂ ತೂಕ ನೋಡ್ತಾರಲ್ಲ, ಅವರ ಕೈಗೊಂದು ಬಿಪಿ ಮಿಷನ್ ಕೊಟ್ಟು ತಾಯಿದೂ ನೋಡೋ ಹಾಗೆ ಮಾಡ್ಬೇಕು.

ಇನ್ನೊಂದು, ಮಾತ್ರೆ ತಗೊಂಡ್ರೆ ಹಾಲಿಗೆ ಇಳಿಯುತ್ತೆ ಅಂತ ಎಷ್ಟೋ ಜನ ನಿಲ್ಲಿಸಿಬಿಡ್ತಾರೆ. ಹಾಲುಣಿಸೋ ತಾಯಂದಿರು ತಗೋಬಹುದಾದ ಬಿಪಿ ಮಾತ್ರೆಗಳು ಇವೆ, ತಂಗಿಗೂ ಅದನ್ನೇ ಕೊಟ್ಟಿದ್ರು. ಈಗ ಮಾತ್ರೆ ನಿಂತಿದೆ, ಆದ್ರೆ ಮುಂದೆ ಬಿಪಿ, ಹಾರ್ಟ್ ಪ್ರಾಬ್ಲಮ್ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಅಂತ ಡಾಕ್ಟರ್ ಹೇಳಿದಾರೆ. ಅದಕ್ಕೇ ಪ್ರತಿ ಭಾನುವಾರ ಅಪ್ಪನ ಬಿಪಿ ಬರೆಯೋ ನೋಟ್‌ಬುಕ್ಕಲ್ಲೇ ಪಕ್ಕದಲ್ಲಿ ಗೆರೆ ಹಾಕಿ ತಂಗೀದೂ ಬರೀತಿದೀವಿ.