ಸೋಲಾರ್ ಪ್ಯಾನೆಲ್‌ಗಳನ್ನು ಕಾರ್ಖಾನೆಯಲ್ಲಿ ಮೊದಲೇ ಚೌಕಟ್ಟಿಗೆ ಜೋಡಿಸಿ ತರಬೇಕೇ?

ಪರ: ಬಿಸಿಲಿನ ಕೆಲಸ ಸೂರಿನಡಿ ಬರಲಿ

100 ಮೆಗಾವಾಟ್‌ನ ಘಟಕಕ್ಕೆ 550 ವಾಟ್‌ನ ಪ್ಯಾನೆಲ್ ಹಾಕಿದರೆ ಸುಮಾರು 1,80,000 ಪ್ಯಾನೆಲ್ ಬೇಕು. ಒಂದೊಂದೂ 30 ಕೆ.ಜಿ. ಆಸುಪಾಸು ತೂಗುತ್ತದೆ, ಮನೆ ಬಾಗಿಲಿಗಿಂತ ದೊಡ್ಡದಾಗಿರುತ್ತದೆ. ಇಬ್ಬರು ಸೇರಿ ಎತ್ತಬೇಕು, ಎದೆಯೆತ್ತರದ ಕಬ್ಬಿಣದ ಮೇಲೆ ಕೂರಿಸಬೇಕು. ಒಬ್ಬರು ಹಿಡಿದುಕೊಂಡಾಗ ಇನ್ನೊಬ್ಬರು ಬಿಗಿಯಬೇಕು. ಒಂದಕ್ಕೆ ನಾಲ್ಕು ಬೋಲ್ಟ್ ಅಂದರೂ ಏಳು ಲಕ್ಷ ದಾಟುತ್ತದೆ. ಇದೆಲ್ಲ ನೆರಳೇ ಇಲ್ಲದ ಬಯಲಲ್ಲಿ. ಬಿಸಿಲು ಜಾಸ್ತಿ ಇರುವ ಕಡೆಯೇ ಅಲ್ವಾ ಇಂಥ ಘಟಕ ಕಟ್ಟುವುದು?

ಮೊದಲು ಯೋಚಿಸಬೇಕಾದದ್ದು ಆ ಇಬ್ಬರ ಬೆನ್ನಿನ ಬಗ್ಗೆ. ಗಾಳಿ ಬೀಸಿದರೆ ಎರಡೂವರೆ ಚದರ ಮೀಟರ್ ಗಾಜು ಕೈಯಿಂದಲೇ ಹಾರುತ್ತದೆ. ಬೆಳಕು ಬಿದ್ದ ಕೂಡಲೇ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಅದನ್ನು ಆರಿಸಲು ಸ್ವಿಚ್ ಇಲ್ಲ. ದೊಡ್ಡ ಘಟಕಗಳಲ್ಲಿ ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ವೋಲ್ಟೇಜ್ 1,500ರವರೆಗೂ ಹೋಗುತ್ತದೆ. ಇಂಥ ಕೆಲಸವನ್ನು ಸೂರಿನಡಿ, ಸಮನೆಲದ ಮೇಲೆ, ಎತ್ತುವ ಯಂತ್ರ ಇಟ್ಟುಕೊಂಡು ಮಾಡಿದರೆ ಜೀವಕ್ಕೂ ಒಳ್ಳೆಯದು, ಕೆಲಸಕ್ಕೂ ಒಳ್ಳೆಯದು.

ಕೆಲಸದ ಗುಣಮಟ್ಟ ಕೂಡ ಸಣ್ಣ ಮಾತಲ್ಲ. ಬೋಲ್ಟ್ ಸಡಿಲವಾದರೆ ಬಿರುಗಾಳಿಗೆ ಪ್ಯಾನೆಲ್ ಕಳಚುತ್ತದೆ, ಅತಿಯಾಗಿ ಬಿಗಿದರೆ ಗಾಜು ಒಡೆಯುತ್ತದೆ. ತಂತಿಗಳನ್ನು ಕೂಡಿಸುವ ಕನೆಕ್ಟರ್ ಸರಿಯಾಗಿ ಕೂರದಿದ್ದರೆ ಬಿಸಿಯಾಗಿ, ಕೊನೆಗೆ ಬೆಂಕಿ. ಸಂಜೆ ಐದಕ್ಕೆ ದಣಿದ ಕೈ ಬಿಗಿಯುವುದಕ್ಕೂ, ಅಳತೆ ಇಟ್ಟ ಯಂತ್ರ ಬಿಗಿಯುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ಇದು ಬರೀ ಕಲ್ಪನೆಯೂ ಅಲ್ಲ. ಆಸ್ಟ್ರೇಲಿಯಾದ 5ಬಿ ಕಂಪನಿಯ ಮ್ಯಾವರಿಕ್ ಎಂಬ ಜೋಡಣೆಯಲ್ಲಿ 90 ಪ್ಯಾನೆಲ್‌ವರೆಗೂ ಮೊದಲೇ ಕೂಡಿಸಿ, ಮಡಚಿ ತರುತ್ತಾರೆ. ಫೋರ್ಕ್‌ಲಿಫ್ಟ್ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟ್ ತೂಕದ ಮೇಲೆ ನಿಲ್ಲುವುದರಿಂದ ನೆಲಕ್ಕೆ ಕಂಬ ಹೊಡೆಯುವ ಕೆಲಸವೂ ತಪ್ಪುತ್ತದೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲೂ ಇದನ್ನು ಹಾಕಿದ್ದಾರೆ. ಅಂಥ ಕಡೆ ಕೆಲಸಗಾರರನ್ನು ಕರೆತಂದು ವಸತಿ, ನೀರು ಒದಗಿಸುವುದೇ ದೊಡ್ಡ ಖರ್ಚು. ಹತ್ತು ಜನ ತಿಂಗಳುಗಟ್ಟಲೆ ಅಲ್ಲಿರುವ ಬದಲು ಮೂವರು ವಾರಗಳಲ್ಲಿ ಮುಗಿಸಿ ಬರುವಂತಾದರೆ ಬೇಡ ಅನ್ನುವುದೇಕೆ?

ವಿರೋಧ: ಜೋಡಿಸುವುದು ಸರಿ, ದೂರದಿಂದ ಹೊತ್ತು ತರುವುದು ಬೇಡ

ಕೆಲಸಗಾರರ ಬೆನ್ನಿನ ಮಾತು ನಿಜ. ಅದರಲ್ಲಿ ಜಗಳವಿಲ್ಲ. ನನ್ನ ತಕರಾರು ಇರುವುದು ಕಾರ್ಖಾನೆಯಿಂದ ಬಯಲಿನವರೆಗಿನ ದಾರಿಯ ಬಗ್ಗೆ.

ಬಿಡಿ ಪ್ಯಾನೆಲ್‌ಗಳು ಸಾಗಣೆಗೆ ಹೇಳಿ ಮಾಡಿಸಿದಂತಿವೆ. 30-35 ಮಿಲಿಮೀಟರ್ ದಪ್ಪ. ಒಂದಕ್ಕೊಂದು ಒತ್ತಿ ಮೂವತ್ತಕ್ಕೂ ಜಾಸ್ತಿ ಪ್ಯಾನೆಲ್ ಒಂದೇ ಪೆಟ್ಟಿಗೆಯಲ್ಲಿ ಕೂರುತ್ತವೆ. ಅವನ್ನು ಕಬ್ಬಿಣಕ್ಕೆ ಬಿಗಿದಿರೋ, ನಡುವೆ ಖಾಲಿ ಜಾಗ ಬಂತು, ತೂಕ ಏರಿತು. 40 ಅಡಿ ಕಂಟೇನರ್‌ನ ಒಳಗೆ ಸುಮಾರು 12 ಮೀಟರ್ ಉದ್ದ, 2.35 ಮೀಟರ್ ಅಗಲ ಮಾತ್ರ. ಅದಕ್ಕಿಂತ ದೊಡ್ಡದಾದರೆ ಬೇರೆ ಲಾರಿ, ಬೇರೆ ಅನುಮತಿ, ಪ್ರತಿ ತಿರುವಿನಲ್ಲೂ ಲೆಕ್ಕಾಚಾರ. ಅದೇ ಪ್ಯಾನೆಲ್‌ಗಳಿಗೆ ಲಾರಿಗಳು ಜಾಸ್ತಿ ಬೇಕು. ಕೂಲಿಯಲ್ಲಿ ಉಳಿಸಿದ್ದನ್ನು ಸುಮ್ನೆ ಡೀಸೆಲ್‌ಗೆ ಸುರಿದಂತಾಗುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಕಣ್ಣಿಗೆ ಕಾಣದ ಬಿರುಕು. ಈಗಿನ ಎರಡು ಗಾಜಿನ ಪ್ಯಾನೆಲ್‌ಗಳಲ್ಲಿ ಒಂದೊಂದು ಗಾಜು ಬರೀ 2 ಮಿಲಿಮೀಟರ್. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತಾಗ ಒಂದಕ್ಕೊಂದು ಆಸರೆ. ಉದ್ದನೆಯ ಚೌಕಟ್ಟಿಗೆ ಬಿಗಿದು ಹಳ್ಳ ಬಿದ್ದ ದಾರಿಯಲ್ಲಿ ತಂದರೆ ಚೌಕಟ್ಟು ತಿರುಚಿದಷ್ಟೂ ಗಾಜಿನ ಮೇಲೆ ಒತ್ತಡ. ಒಳಗೆ ವಿದ್ಯುತ್ ಹುಟ್ಟಿಸುವ ಸೆಲ್ ಸೀಳಿದರೂ ಮೇಲೆ ಏನೂ ಕಾಣುವುದಿಲ್ಲ. ಕತ್ತಲಲ್ಲಿ ಪ್ಯಾನೆಲ್‌ಗೆ ಕರೆಂಟ್ ಹಾಯಿಸಿ, ಅದು ಸೂಸುವ ಮಸುಕು ಬೆಳಕನ್ನು ವಿಶೇಷ ಕ್ಯಾಮೆರಾದಲ್ಲಿ ಹಿಡಿದಾಗ ಮಾತ್ರ ಗೊತ್ತಾಗುತ್ತದೆ. ಎಲ್ಲಕ್ಕೂ ಹೀಗೆ ಮಾಡುವವರು ಯಾರು?

ನೆಲವೂ ಒಪ್ಪಬೇಕು. ಬಿಡಿ ಕಂಬಗಳನ್ನು ಏರುತಗ್ಗಿಗೆ ತಕ್ಕಂತೆ ಎತ್ತರ ಇಳಿಸಿ ಹಾಕಬಹುದು. ಉದ್ದನೆಯ ಗಟ್ಟಿ ಜೋಡಣೆಗೆ ಸಮನೆಲವೇ ಬೇಕು. ಅದಕ್ಕಾಗಿ ಮೇಲ್ಮಣ್ಣು ಕೆರೆದರೆ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ಮಡಚಿ ತರುವ ಜೋಡಣೆ ಸೂರ್ಯನ ಜೊತೆ ತಿರುಗುವುದೂ ಇಲ್ಲ. ಬಿಸಿಲು ಚೆನ್ನಾಗಿರುವ ಕಡೆ, ತಿರುಗುವ ಟ್ರ್ಯಾಕರ್ ಮೇಲಿನ ಪ್ಯಾನೆಲ್ ಸಾಮಾನ್ಯವಾಗಿ ಶೇ. 15ರಿಂದ 25ರಷ್ಟು ಜಾಸ್ತಿ ವಿದ್ಯುತ್ ಕೊಡುತ್ತದೆ. ಮಡಚಿ ತರುವ ಜೋಡಣೆಯನ್ನು ಒತ್ತಾಗಿ ಹಾಕುವುದರಿಂದ ಅದೇ ಜಾಗದಲ್ಲಿ ಜಾಸ್ತಿ ಪ್ಯಾನೆಲ್ ಹಿಡಿಸುತ್ತವೆ, ನಿಜ. ಜಾಗ ತೀರಾ ಕಡಿಮೆ ಇರುವಲ್ಲಿ ಇದಕ್ಕೆ ಅರ್ಥವಿದೆ. ಉಳಿದ ಕಡೆ ನನಗಂತೂ ಕಾಣುವುದಿಲ್ಲ.

ಹಾಗಾದರೆ ಎಲ್ಲ ಮೊದಲಿನಂತೆ ಕೈಯಲ್ಲೇ ಎತ್ತಬೇಕೇ? ಬೇಕಿಲ್ಲ. ಕಾರ್ಖಾನೆಯನ್ನೇ ಬಯಲಿಗೆ ತರಬಹುದು. ಅಮೆರಿಕದ ಟೆರಾಬೇಸ್ ಕಂಪನಿ 2023ರಲ್ಲಿ ಅರಿಜೋನಾದ ಘಟಕವೊಂದರ ಒಂದು ಭಾಗವನ್ನು ಹಾಗೇ ಕಟ್ಟಿತು. ಸ್ಥಳದಲ್ಲೇ ದೊಡ್ಡ ಡೇರೆ, ಒಳಗೆ ಜೋಡಣೆಯ ಸಾಲು. ಪ್ಯಾನೆಲ್ ಬಂದದ್ದು ಪೆಟ್ಟಿಗೆಯಲ್ಲೇ. ಜೋಡಿಸಿದ ಮೇಲೆ ಸಾಗಬೇಕಾದದ್ದು ಘಟಕದೊಳಗಿನ ದೂರ ಮಾತ್ರ.

ಆದರೂ ಒಂದು ವಿಷಯ ಮೊದಲೇ ಬರವಣಿಗೆಯಲ್ಲಿ ತೀರ್ಮಾನ ಆಗಬೇಕು. ಪ್ಯಾನೆಲ್ ಮಾಡಿದವರು ಕೊಡುವ ಖಾತರಿ 25 ವರ್ಷ ಅಥವಾ ಅದಕ್ಕೂ ಜಾಸ್ತಿ. ಆದರೆ ಸಾಗಣೆಯಲ್ಲಿ, ಜೋಡಣೆಯಲ್ಲಿ ಆದ ಹಾನಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬಿರುಕು ಕಂಡಾಗ ಪ್ಯಾನೆಲ್‌ನವರು ಅದನ್ನು ಬಿಗಿದು ಹಿಡಿದ ಕ್ಲ್ಯಾಂಪ್ ತೋರಿಸುತ್ತಾರೆ, ಜೋಡಿಸಿದವರು ಲಾರಿ ತೋರಿಸುತ್ತಾರೆ, ಲಾರಿಯವರು ರಸ್ತೆ ತೋರಿಸುತ್ತಾರೆ. ಜೋಡಿಸುವ ಮುಂಚೆ ಒಮ್ಮೆ, ನಿಲ್ಲಿಸಿದ ಮೇಲೆ ಒಮ್ಮೆ, ಆಯ್ದ ಕೆಲವು ಪ್ಯಾನೆಲ್‌ಗಳನ್ನಾದರೂ ಆ ವಿಶೇಷ ಕ್ಯಾಮೆರಾದಲ್ಲಿ ನೋಡಬೇಕು. ಖರ್ಚು ಯಾರದ್ದು, ಒಡೆದರೆ ಬದಲಿಸಿಕೊಡುವವರು ಯಾರು ಎಂಬುದು ಮೊದಲ ಲಾರಿ ಹೊರಡುವ ಮುಂಚೆಯೇ ಕರಾರಿನಲ್ಲಿರಬೇಕು.