ಪುಂಡಾನೆಯನ್ನು ಹಿಡಿದು ಸಾಗಿಸುವುದು ಮಾನವೀಯವೇ?

ಪರ: ಆಲೂರು ತಾಲ್ಲೂಕಿನ ಕಾಫಿ ಬೆಳೆಗಾರ

ಆಲೂರು, ಸಕಲೇಶಪುರದ ಕಡೆ ಆನೆಯು ಕಾಡಿನಿಂದ ಬಂದು ಹೋಗುವ ಪ್ರಾಣಿಯಲ್ಲ, ತೋಟದಲ್ಲೇ ಬೀಡುಬಿಟ್ಟಿರುವ ಪ್ರಾಣಿ. ಹಗಲೆಲ್ಲ ಕಾಫಿ ಗಿಡಗಳ ಮರೆಯಲ್ಲಿ ನಿಂತು ಕತ್ತಲಾಗುತ್ತಲೇ ಗದ್ದೆಗಿಳಿಯುವ ಹಿಂಡುಗಳಲ್ಲಿ ತೋಟದಲ್ಲೇ ಹುಟ್ಟಿದ ಮರಿಗಳಿವೆ. ಕಂದಕ ತೋಡಿ, ಸೋಲಾರ್ ಬೇಲಿ ಹಾಕಿ ಎನ್ನುವವರು ಆನೆ ಬೇಲಿಯ ಯಾವ ಬದಿಗಿದೆ ಎಂಬುದನ್ನು ಮೊದಲು ಬಂದು ನೋಡಬೇಕು. ಹೈಕೋರ್ಟ್ ಆದೇಶದಂತೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆಯು 2012ರಲ್ಲೇ ಈ ಭಾಗದ ಆನೆಗಳನ್ನು ತೆರವುಗೊಳಿಸಬೇಕೆಂದು ಹೇಳಿತ್ತು; 2014ರಲ್ಲಿ ಇಲ್ಲಿ 22 ಆನೆಗಳನ್ನು ಹಿಡಿಯಲಾಯಿತು.

ಮೂರು ವರ್ಷಗಳ ಹಿಂದೆ ಕೊಯ್ಲಿನ ಸಮಯದಲ್ಲಿ, ಮಂಜು ಇನ್ನೂ ಹರಿಯದ ಹೊತ್ತಿನಲ್ಲಿ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಉಳಿದವರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಿದ್ದಳು. ನಾನು ಓಡಿ ಹೋಗಿ ನೋಡುವಾಗ ಚಪ್ಪಟೆಯಾದ ಸ್ಟೀಲ್ ಬುತ್ತಿ ಡಬ್ಬಿ, ಅದರಿಂದ ಹೊರಬಿದ್ದ ಅಕ್ಕಿರೊಟ್ಟಿ, ಒಂದೇ ಒಂದು ಹವಾಯಿ ಚಪ್ಪಲಿ ದಾರಿಯ ಮೇಲಿದ್ದವು. ಆಕೆ ಕಾಲುವೆಯ ಆಚೆ ಬಿದ್ದಿದ್ದಳು. ಆ ದಿನ ಸಂಜೆ ಶಾಲೆಯಿಂದ ಬಂದ ಅವಳ ಮಗಳಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಸರಿನಲ್ಲಿ ಮೂಡಿದ್ದ ಆ ಸಲಗದ ಹೆಜ್ಜೆಗಳಲ್ಲಿ ನೀರು ನಿಂತಿದ್ದುದು ಇಂದಿಗೂ ನನ್ನ ಕಣ್ಣ ಮುಂದಿದೆ.

ಆನೆಯ ದೃಷ್ಟಿಯಿಂದಲೇ ನೋಡೋಣ. ರಾತ್ರಿಯೆಲ್ಲ ಪಟಾಕಿ, ಕಿರುಚಾಟ, ಕೆಲವೆಡೆ ಮೈಗೆ ಹೊಕ್ಕ ಕೋವಿಯ ಚರೆ, ಇನ್ನು ಕೆಲವೆಡೆ ಅಕ್ರಮವಾಗಿ ಕರೆಂಟು ಹರಿಸಿದ ತಂತಿ: ತೋಟದಲ್ಲಿ ಉಳಿದ ಆನೆಗೆ ಸಿಗುವ ಬದುಕು ಇದು. ನುರಿತ ವೈದ್ಯರು ಒಂದು ಬಾರಿ ಕೊಡುವ ಅರಿವಳಿಕೆಗಿಂತ ಈ ದಿನನಿತ್ಯದ ಹಿಂಸೆ ಹೇಗೆ ಹೆಚ್ಚು ಮಾನವೀಯವಾದೀತು? ಹಿಡಿಯುವುದೇ ಕ್ರೌರ್ಯವೆನ್ನುವವರು ಕಬಿನಿಯಲ್ಲಿ ಜೀಪಿನ ಮೇಲೆ ಕುಳಿತು ಆನೆ ನೋಡಿ, ಸಂಜೆಗೆ ಬೆಂಗಳೂರು ಸೇರಿಕೊಳ್ಳುವವರು. ನಮ್ಮ ಮಕ್ಕಳು ಅದೇ ಆನೆಯ ದಾರಿಯಲ್ಲಿ ನಡೆದು ಬಸ್ಸು ಹಿಡಿಯಬೇಕು. ಹಿಡಿಯಿರಿ, ದೂರ ಸಾಗಿಸಿ; ತಡಮಾಡಬೇಡಿ.

ವಿರೋಧ: ಮೈಸೂರಿನ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕಿ

ಈ ಪಕ್ಷವನ್ನು ವಹಿಸಿಕೊಂಡು ಬರೆಯುವಂತೆ ನನ್ನನ್ನು ಕೇಳಲಾಗಿದೆ. ಮತ್ತೆ ಮತ್ತೆ ಜನರನ್ನು ಕೊಂದ ಆನೆಯನ್ನು ಹಿಡಿಯಲೇಬಾರದೆಂದು ನಾನು ಹೇಳಲಾರೆ. ನನ್ನ ಆಕ್ಷೇಪವಿರುವುದು ‘ಸಾಗಿಸುವುದು’ ಎಂಬ ಮಾತಿನ ಬಗ್ಗೆ. ಹಾಸನ ಜಿಲ್ಲೆಯಲ್ಲಿ ಹಿಡಿದು, ಇರುವ ಜಾಗ ತಿಳಿಸುವ ರೇಡಿಯೊ ಕಾಲರ್ ತೊಡಿಸಿ ಬಂಡೀಪುರದಲ್ಲಿ ಬಿಟ್ಟ ಗಂಡಾನೆಯೊಂದು 2024ರ ಫೆಬ್ರುವರಿ 2ರಂದು ವಯನಾಡಿನ ಮಾನಂದವಾಡಿ ಪಟ್ಟಣಕ್ಕೆ ಬಂತು. ಕೆಲವೇ ವಾರಗಳ ಅಂತರದಲ್ಲಿ ಎರಡನೆಯ ಬಾರಿ ಅರಿವಳಿಕೆ ಪಡೆದು ಬಂಡೀಪುರಕ್ಕೆ ಮರಳಿದ ಅದು ಮರುದಿನವೇ ಸತ್ತಿತು. ಅದೇ ತಿಂಗಳ 10ರಂದು, ಬೇಲೂರು ಕಡೆಯಿಂದ ಹೀಗೆಯೇ ಸಾಗಿಸಿದ್ದ ಮಖನಾ (ದಂತವಿಲ್ಲದ ಗಂಡು) ಆನೆ ಅದೇ ಮಾನಂದವಾಡಿ ಬಳಿ ಒಬ್ಬರನ್ನು ಮನೆಯಂಗಳದಲ್ಲೇ ಕೊಂದಿತು. ಆನೆಯನ್ನು ದೂರ ಬಿಟ್ಟ ಮಾತ್ರಕ್ಕೆ ಸಾವು ತಪ್ಪಲಿಲ್ಲ, ಬೇರೊಬ್ಬರ ಮನೆ ಬಾಗಿಲಿಗೆ ಹೋಯಿತು.

ಹಿಡಿಯುವ ಕೆಲಸಕ್ಕೂ ಬೆಲೆ ತೆರಬೇಕಾಗುತ್ತದೆ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಇಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಕಾದಾಡಿ ಪ್ರಾಣಬಿಟ್ಟ. 2014ರಲ್ಲಿ ಅಷ್ಟು ಆನೆಗಳನ್ನು ಹಿಡಿದ ಮೇಲೂ ಆ ಭಾಗದಲ್ಲಿ ಆನೆಗಳಿವೆ. ಆನೆ ಎಲ್ಲಿದೆಯೆಂದು ಬೆಳಗಿನ ಜಾವವೇ ಮೊಬೈಲಿಗೆ ಸಂದೇಶ ಕಳುಹಿಸುವುದು, ಮಂಜು ಕರಗುವವರೆಗೆ ಕೆಲಸ ಆರಂಭಿಸದಿರುವುದು, ಕಾರ್ಮಿಕರನ್ನು ನಡೆಸದೆ ವಾಹನದಲ್ಲಿ ಕರೆತರುವುದು ಇವೆಲ್ಲ ಸಣ್ಣ ಕ್ರಮಗಳೆಂದು ಕಾಣಬಹುದು. ಇವು ನಷ್ಟವಾದ ಭತ್ತವನ್ನು ಮರಳಿಸುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಜೀವ ಉಳಿಸಲು ಲಾರಿ ಮತ್ತು ಸಾಕಾನೆಗಳು ಬರುವವರೆಗೆ ಕಾಯಬೇಕಾಗಿಲ್ಲ. ಇವನ್ನು ನಾಳೆಯ ಕೊಯ್ಲಿನಿಂದಲೇ ಮಾಡಬಹುದು.