ಲಿಂಗನಮಕ್ಕಿಯ ಗ್ರಾಫು ಸೊನ್ನೆಯಿಂದ ಶುರುವಾಗಬೇಕಾ?

ನಾನು ತೀರ್ಥಹಳ್ಳಿ ಕಡೆಯವನು. ಕೆಲಸ ಮಾತ್ರ ನೆದರ್‌ಲೆಂಡ್ಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ. ಪಿಎಚ್‌ಡಿ ಮಾಡುವವರಿಗೆ ಅವರವರ ಡೇಟಾವನ್ನು ಗ್ರಾಫಿನಲ್ಲಿ ತೋರಿಸುವುದು ಹೇಗೆ ಅಂತ ಕಲಿಸುವುದೂ ಆ ಕೆಲಸದಲ್ಲಿ ಸೇರಿದೆ. ರಜೆಗೆ ಊರಿಗೆ ಬಂದರೆ ಶಿವಮೊಗ್ಗ, ಸಾಗರದ ಕಡೆಯ ಸಂಶೋಧನಾ ವಿದ್ಯಾರ್ಥಿಗಳು ಥೀಸಿಸ್ ಕರಡು ಹಿಡಿದುಕೊಂಡು ಬರುತ್ತಾರೆ. "ಸರ್, ಗ್ರಾಫ್ ಒಂದ್ಸಲ ನೋಡ್ತೀರಾ?" ಅನ್ನುತ್ತಾರೆ. ಹಾಗಾಗಿ ಎರಡೂ ಕಡೆಯ ಕ್ರಮ ನೋಡುತ್ತಲೇ ಇದ್ದೇನೆ.

ಈ ಕರಡುಗಳ ಅಚ್ಚು ಹೆಚ್ಚುಕಮ್ಮಿ ಒಂದೇ. ಮೊದಲು ಕೋಷ್ಟಕ. ಅದರ ಕೆಳಗೆ ಅದೇ ಅಂಕಿಗಳ ತ್ರೀಡಿ ಪೈ ಚಾರ್ಟು. ಅದರ ಕೆಳಗೆ ಅದೇ ಶೇಕಡಾ ಲೆಕ್ಕ ಮತ್ತೆ ವಾಕ್ಯಗಳಲ್ಲಿ. ಪ್ರಶ್ನಾವಳಿಯಲ್ಲಿ ನಲವತ್ತು ಪ್ರಶ್ನೆ ಇದ್ದರೆ ನಲವತ್ತು ಪೈ. ಉತ್ತರ ಕೊಟ್ಟವರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಅನ್ನುವುದಕ್ಕೂ ಒಂದು ಪೈ! ತ್ರೀಡಿಯಲ್ಲಿ ಮುಂದಿನ ತುಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಣ್ಣು ಯಾವುದನ್ನು ಸರಿಯಾಗಿ ಅಂದಾಜು ಮಾಡುತ್ತದೆ ಅಂತ ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದೇ ಅಳತೆಗೆರೆಯ ಮೇಲಿನ ಚುಕ್ಕಿ ಎಲ್ಲಿದೆ ಅನ್ನುವುದು ನಮಗೆ ಸುಲಭ. ಕೋನ ಎಷ್ಟಿದೆ ಅನ್ನುವುದರಲ್ಲಿ ಎಡವುತ್ತೇವೆ. ಪೈ ಅಂದರೆ ಪೂರ್ತಿ ಕೋನಗಳೇ ಅಲ್ವಾ?

ಹುಡುಗರನ್ನು ಬೈಯಲಾರೆ. ಅಂಕಿಅಂಶದ ಸಾಫ್ಟ್‌ವೇರ್ ಆದ ಎಸ್‌ಪಿಎಸ್‌ಎಸ್‌ನಲ್ಲಿ ಯಾವ ಮೆನು ಒತ್ತಬೇಕು ಅನ್ನುವುದನ್ನು ಅವರಿಗೆ ಹೇಳಿಕೊಟ್ಟಿದ್ದಾರೆ, ಯಾಕೆ ಒತ್ತಬೇಕು ಅಂತ ಹೇಳಿಲ್ಲ. ಗ್ರಾಫು ಅಂದರೆ ಕೊನೇ ಗಳಿಗೆಯಲ್ಲಿ ಸೇರಿಸುವಂಥದ್ದು. ಬೈಂಡಿಂಗ್‌ಗೆ ಮೊದಲು ಡಿಟಿಪಿ ಅಂಗಡಿಯವರೇ ಹಾಕಿಕೊಡುವುದೂ ಉಂಟು. ಕಲರ್ ಪೇಜಿಗೆ ರೇಟು ಬೇರೆ, ಹಾಗಾಗಿ ಕೆಲವು ಪ್ರತಿ ಕಪ್ಪು-ಬಿಳುಪು. ಅದರಲ್ಲಿ ಕೆಂಪು ಗೆರೆ, ಹಸಿರು ಗೆರೆ ಎರಡೂ ಒಂದೇ ಬೂದು ಬಣ್ಣ. ಯಾವುದು ಯಾವುದೋ ದೇವರಿಗೇ ಗೊತ್ತು.

ನಾನಿರುವ ಕಡೆ ಮೊದಲು ಲ್ಯಾಪ್‌ಟಾಪ್ ಮುಚ್ಚಿಸುತ್ತೇವೆ. ಕಾಗದ, ಪೆನ್ಸಿಲ್ ಸಾಕು. ನಿಮ್ಮ ಡೇಟಾ ಹೇಳುವ ಮುಖ್ಯ ಮಾತು ಯಾವುದು, ಅದನ್ನು ಗೀಚಿ ತೋರಿಸಿ ಅನ್ನುತ್ತೇವೆ. ಗೀಚಿದ್ದು ಪಕ್ಕದವರ ಕೈಗೆ ಹೋಗುತ್ತದೆ. ಅವರಿಗೆ ಏನು ಅರ್ಥವಾಯಿತೋ ಅದನ್ನು ಜೋರಾಗಿ ಹೇಳಬೇಕು. ಅಲ್ಲಿಯವರೆಗೆ ಗೀಚಿದವರು ಬಾಯಿ ಬಿಡುವ ಹಾಗಿಲ್ಲ. ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಆಮೇಲೆ ಸಂಖ್ಯಾಶಾಸ್ತ್ರಜ್ಞ ಆನ್‌ಸ್ಕಂಬ್ 1973ರಲ್ಲಿ ಮಾಡಿದ ನಾಲ್ಕು ಡೇಟಾ ಕಟ್ಟುಗಳನ್ನು ತೋರಿಸುತ್ತೇವೆ. ನಾಲ್ಕರಲ್ಲೂ ಸರಾಸರಿ ಒಂದೇ, ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಲೆಕ್ಕ) ಸುಮಾರು 0.82. ಚುಕ್ಕಿ ಇಟ್ಟು ನೋಡಿದರೆ ಒಂದಕ್ಕೊಂದು ತಾಳಮೇಳವೇ ಇಲ್ಲ. ಒಂದು ಡೊಂಕು ಗೆರೆ, ಇನ್ನೊಂದರಲ್ಲಿ ಒಂದೇ ಒಂದು ಚುಕ್ಕಿ ದೂರ ಹೋಗಿ ಇಡೀ ಲೆಕ್ಕ ಕೆಡಿಸಿದೆ. ಇದಾದ ಮೇಲೆ ಗ್ರಾಫು ಬರೆಯುವ ಸಾಫ್ಟ್‌ವೇರುಗಳಾದ ಆರ್, ಜಿಜಿಪ್ಲಾಟ್ ಎಲ್ಲ.

ಇದನ್ನೇ ಎತ್ತಿಕೊಂಡು ಬಂದು ಶಿವಮೊಗ್ಗದಲ್ಲಿ ಇಳಿಸಿದರೆ ಆಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆರ್ ಕಲಿಸುವವರು ಎಲ್ಲೆಲ್ಲೂ ಬಳಸುವ ಉದಾಹರಣೆ ನೋಡಿ. ಒಂದು, 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಪ್ರಕಟಿಸಿದ 150 ಐರಿಸ್ ಹೂಗಳ ಅಳತೆ. ಇನ್ನೊಂದು, 1974ರ ಅಮೆರಿಕದ ಪತ್ರಿಕೆಯಿಂದ ತೆಗೆದ 32 ಕಾರುಗಳ ಮೈಲೇಜು. ಸೊರಬದಲ್ಲಿ ಮಂಗನ ಕಾಯಿಲೆ ಹರಡುವ ಉಣುಗು ಎಣಿಸುವ ಹುಡುಗಿಗೆ ಆ ಕಾರುಗಳನ್ನು ಕಟ್ಟಿಕೊಂಡು ಏನಾಗಬೇಕು?

ನಮ್ಮ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ. ಅದರ ಕಾಲ ಚಳಿಗಾಲದಲ್ಲಿ ಶುರುವಾಗಿ ಮಳೆಗೆ ಮೊದಲು ಇಳಿಯುತ್ತದೆ. ಅಂದರೆ ಒಂದು ಹಂಗಾಮು ಎರಡು ಇಸವಿಗಳಲ್ಲಿ ಚಾಚಿಕೊಂಡಿರುತ್ತದೆ. ಜನವರಿಯಿಂದ ಡಿಸೆಂಬರ್‌ಗೆ ಒಂದು ಕಂಬ ನಿಲ್ಲಿಸಿದಿರೋ, ಪ್ರತಿ ಕಂಬದಲ್ಲೂ ಹಳೇ ಹಂಗಾಮಿನ ಬಾಲ, ಹೊಸ ಹಂಗಾಮಿನ ತಲೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಶುರುವಾಗಿ 2019ರಲ್ಲಿ ಹಬ್ಬಿದ್ದು ಒಂದೇ ಹಾವಳಿ. ಇಸವಿ ಲೆಕ್ಕದ ಗ್ರಾಫು ಅದನ್ನೇ ಎರಡು ತುಂಡು ಮಾಡುತ್ತದೆ. ಜೂನ್‌ನಿಂದ ಮೇವರೆಗೆ ಒಂದು ವರ್ಷ ಅಂತ ಹಿಡಿದರೆ ಸರಿಹೋಗುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ, ಕಾಡಂಚಿನ ಮನೆಯವರಿಗೆ ಗೊತ್ತು.

ಇನ್ನು ಶರಾವತಿಯ ಲಿಂಗನಮಕ್ಕಿ ಡ್ಯಾಮ್. ಗ್ರಾಫು ಯಾವಾಗಲೂ ಸೊನ್ನೆಯಿಂದಲೇ ಶುರುವಾಗಬೇಕು ಅಂತ ಎಲ್ಲೋ ಕಲಿತು ಬಂದು ವಾದ ಮಾಡುವವರಿಗೆ ಇದು ಒಳ್ಳೆ ಮದ್ದು. ಪೂರ್ಣ ಮಟ್ಟ 1819 ಅಡಿ, ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ನೋಡುತ್ತೇವೆ. ಆದರೆ ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನುವ ಲೆಕ್ಕ. ಸೊನ್ನೆಯಿಂದ ಕಂಬ ಎಬ್ಬಿಸಿದರೆ 1750 ಅಡಿಗೂ 1819 ಅಡಿಗೂ ನೂರಕ್ಕೆ ನಾಲ್ಕರಷ್ಟೂ ವ್ಯತ್ಯಾಸ ಇಲ್ಲ. ಡ್ಯಾಮ್ ತುಂಬಿದ್ದೂ ಕಾಣುವುದಿಲ್ಲ, ತಳ ಕಂಡಿದ್ದೂ ಕಾಣುವುದಿಲ್ಲ. ಕಂಬದ ಉದ್ದವೇ ಅಂಕಿ ಹೇಳುವುದರಿಂದ ಕಂಬಕ್ಕೆ ಸೊನ್ನೆ ಬೇಕು. ಇಂಥದ್ದಕ್ಕೆ ಕಂಬವೇ ಬೇಡ, ಗೆರೆ ಎಳೆಯಿರಿ, ಬೇಕಾದಷ್ಟು ಮೇಲಿನಿಂದ ಶುರು ಮಾಡಿ. ಇಲ್ಲವೇ ಅಡಿ ಬಿಟ್ಟು, ಎಷ್ಟು ನೀರಿದೆ ಅಂತ ಟಿಎಂಸಿಯಲ್ಲಿ ತೋರಿಸಿ.

ಅಡಿಕೆಗೂ ಇದೇ ಥರ ಪಾಠ ಇದೆ. ಹನ್ನೆರಡು ತೋಟದ ಕೊಳೆರೋಗದ ನಷ್ಟ ಅಳೆದಿದ್ದೀರಿ ಅಂದುಕೊಳ್ಳಿ. ಹತ್ತರಲ್ಲಿ ಏನೂ ಇಲ್ಲ, ಎರಡರಲ್ಲಿ ಫಸಲೇ ಹೋಗಿದೆ. ಸರಾಸರಿಯ ಒಂದು ಕಂಬ ನಿಲ್ಲಿಸಿದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟ ಅನ್ನುವ ಸುಳ್ಳು ನಿಲ್ಲುತ್ತದೆ. ಹನ್ನೆರಡು ಚುಕ್ಕಿ ಇಟ್ಟರೆ ಮುಗಿಯಿತು.

ಒಂದು ವಿಷಯದಲ್ಲಿ ನಮ್ಮವರೇ ಮುಂದೆ. ಯಾರೋ ಕೂಡಿಟ್ಟ ಡೇಟಾ ಇಳಿಸಿಕೊಂಡು ಚಂದದ ಗ್ರಾಫು ಮಾಡುವವರು ಅಲ್ಲಿ ಜಾಸ್ತಿ. ಗ್ರಾಫಿನಲ್ಲಿ ಈ ಜಾಗ ಯಾಕೆ ಖಾಲಿ ಇದೆ ಅಂದರೆ ಮುಖ ಮುಖ ನೋಡುತ್ತಾರೆ. ಇಲ್ಲಿನವರನ್ನು ಕೇಳಿ, "ಜುಲೈನಲ್ಲಿ ಆಗುಂಬೆ ಕಡೆ ಮಳೆ ಸರ್, ಎರಡು ವಾರ ಪ್ಲಾಟ್‌ಗೆ ಹೋಗೋಕೇ ಆಗ್ಲಿಲ್ಲ" ಅನ್ನುತ್ತಾರೆ. ಆ ಮಾತು ಗ್ರಾಫಿನ ಕೆಳಗೆ ಒಂದು ಸಾಲಾಗಿ ಇರಬೇಕಿತ್ತು. ಇರುವುದಿಲ್ಲ, ಅಷ್ಟೇ.

ನಿಜವಾದ ತೊಡಕು ಬೇರೆ ಇದೆ. ಅಲ್ಲಿ ವಿದ್ಯಾರ್ಥಿ ಪ್ರೊಫೆಸರನ್ನು ಹೆಸರು ಹಿಡಿದು ಕರೆದು, ಈ ಗ್ರಾಫು ಸರಿಯಿಲ್ಲ ಅಂತ ಮುಖಕ್ಕೇ ಹೇಳುತ್ತಾನೆ. ನಮ್ಮಲ್ಲಿ ಗೈಡ್ "ಸ್ವಲ್ಪ ಕಲರ್‌ಫುಲ್ ಆಗಿರ್ಲಿ" ಅಂದರೆ ತ್ರೀಡಿ ಪೈ ವಾಪಸ್ ಬಂತು ಅಂತಲೇ ಲೆಕ್ಕ. ವರ್ಕ್‌ಶಾಪಿನಲ್ಲಿ ಏನೇ ಕಲಿತಿದ್ದರೂ ಹುಡುಗ "ಆಯ್ತು ಸರ್" ಅನ್ನುತ್ತಾನೆ. ವೈವಾ ಮುಗಿಯಬೇಕಲ್ಲ? ಹಾಗಾಗಿ ಕೋರ್ಸ್‌ವರ್ಕ್‌ನಲ್ಲಿ ಇದಕ್ಕೆ ಎರಡು ದಿನ ಕೊಡುವುದಾದರೆ, ಮೊದಲ ದಿನ ಗೈಡುಗಳೂ ಪಕ್ಕದ ಕುರ್ಚಿಯಲ್ಲಿ ಕೂತು ಪೆನ್ಸಿಲ್ ಹಿಡಿಯಲಿ. ಬೇಕಾದರೆ ಸರ್ಟಿಫಿಕೇಟ್ ಅವರಿಗೂ ಕೊಡೋಣ.